ಅಂಗೈಯೊಳಗೆ ಐವತ್ತು ಮೀಟರ್

ಬೊಂಬೆಯ ಪೆಟ್ಟಿಗೆ ಬಂದ ಕೂಡಲೇ ನಾನು ಬಿಚ್ಚುವುದಿಲ್ಲ. ರಾತ್ರಿ ಊಟ ಮುಗಿದು ಮನೆಯ ಸದ್ದೆಲ್ಲ ಅಡಗಬೇಕು. ಆಮೇಲೆ ಮೇಜಿನ ಮೇಲೆ ಹಳೇ ಬೈರಾಸು ಹಾಸಿ, ಟೇಬಲ್ ಲ್ಯಾಂಪನ್ನು ಹತ್ತಿರಕ್ಕೆಳೆದು ಟೇಪಿಗೆ ಬ್ಲೇಡು ತಾಗಿಸುತ್ತೇನೆ. ಬೈರಾಸು ಹಾಸುವುದಕ್ಕೆ ಕಾರಣವಿದೆ. ಇಂಥ ಬೊಂಬೆಗಳ ಜೊತೆ ಬರುವ ಬಿಡಿಭಾಗಗಳು ಹುಣಸೆ ಬೀಜದಷ್ಟೇ ಇರುತ್ತವೆ, ನುಣುಪಾದ ಮೇಜಿನಿಂದ ಉರುಳಿದರೆ ಸಿಗುವುದು ಕಷ್ಟ.

ಈ ಸಲ ಬಂದದ್ದು ಜಪಾನಿ ಚಿತ್ರಗಳ ದೈತ್ಯಪ್ರಾಣಿ ಗಾಡ್ಜಿಲ್ಲಾ, ಅದರಲ್ಲೂ 1954ರ ಮೊದಲ ಚಿತ್ರದ ಗಾಡ್ಜಿಲ್ಲಾ. ಜಪಾನೀಯರ ಬಾಯಲ್ಲಿ ಇದು ಗೊಜಿರಾ. ಗೊರಿಲ್ಲಾಕ್ಕೆ ಅವರು ಅನ್ನುವ ಗೊರಿರಾ, ತಿಮಿಂಗಿಲಕ್ಕೆ ಅನ್ನುವ ಕುಜಿರಾ, ಇವೆರಡನ್ನೂ ಗಂಟು ಹಾಕಿ ಮಾಡಿದ ಹೆಸರು. ಎತ್ತರ ಹದಿನೈದು ಸೆಂಟಿಮೀಟರು, ಮೈ ಪಿವಿಸಿಯದ್ದು, ಕತ್ತಿನಿಂದ ಬಾಲದ ತುದಿಯವರೆಗೆ ಕೀಲುಗಳು. ವರ್ಷಗಳಿಂದ ಆಸೆಪಟ್ಟು, ದುಡ್ಡು ಕೂಡಿಟ್ಟು ತರಿಸಿಕೊಂಡದ್ದು.

ಇಂಥ ಬೊಂಬೆಗಳನ್ನು ಕೂಡಿಡುವವರು ಸಾಮಾನ್ಯವಾಗಿ ಮೊದಲು ಕೇಳುವುದು ಕೀಲು ಎಷ್ಟಿದೆ ಅಂತ. ನಾನು ಕೀಲಿಗೆ ಕೈ ಹಾಕುವುದು ಕೊನೆಗೆ. ಮೊದಲು ಎರಡೂ ಪಾದ ಊರಿಸಿ, ಬಾಲ ನೆಲಕ್ಕೆ ತಾಗಿಸಿ ನಿಲ್ಲಿಸುತ್ತೇನೆ. ಕುರ್ಚಿಯಿಂದಿಳಿದು ಮೊಣಕಾಲೂರಿ, ಮೇಜಿನ ಅಂಚಿನ ಮಟ್ಟಕ್ಕೆ ಕಣ್ಣು ತಂದು ನೋಡುತ್ತೇನೆ. ಭಾರ ಕಾಣುತ್ತದೆಯೇ? ತಕ್ಕಡಿಯಲ್ಲಿಟ್ಟರೆ ಇದು ಒಂದು ತೆಂಗಿನಕಾಯಿಗೂ ಸಮ ಬಾರದು. ನಾನು ಹುಡುಕುವ ಭಾರ ಬೇರೆ. ತೊಡೆಯ ಮೇಲೆ ಹೊಟ್ಟೆ ಕೂತ ರೀತಿ, ಹಿಮ್ಮಡಿ ನೆಲವನ್ನು ಒತ್ತಿದ ರೀತಿ, ಭುಜಗಳು ತುಸು ಜೋತು ಕತ್ತು ಮುಂದೆ ಬಾಗಿದ ರೀತಿ. ಇಷ್ಟು ಸರಿಯಿದ್ದರೆ ಮಿಕ್ಕ ತಪ್ಪುಗಳನ್ನು ಮನ್ನಿಸುತ್ತೇನೆ. ಇದು ತಪ್ಪಿತೋ, ನಲವತ್ತು ಕೀಲಿದ್ದರೂ ಅದು ಎದ್ದು ನಿಂತ ಓತಿಕ್ಯಾತ ಅಷ್ಟೆ.

ಭಾರದ ಬಗ್ಗೆ ನನಗಿಷ್ಟು ಹಟ ಯಾಕೆಂದರೆ, ಆ ಚಿತ್ರದ ಜೀವವೇ ಅಲ್ಲಿದೆ. ಇಶಿರೋ ಹೊಂಡಾ ನಿರ್ದೇಶಿಸಿದ ಆ ಚಿತ್ರಕ್ಕೆ ದೃಶ್ಯಚಮತ್ಕಾರ ಮಾಡಿದವರು ಎಯ್ಜಿ ತ್ಸುಬುರಾಯಾ. 1933ರ ‘ಕಿಂಗ್ ಕಾಂಗ್’ ನೋಡಿ ಮನಸೋತವರು. ಅದರಂತೆಯೇ ಬೊಂಬೆಯನ್ನು ಕೂದಲೆಳೆಯಷ್ಟು ಕದಲಿಸುತ್ತ, ಒಂದೊಂದೇ ಫ್ರೇಮು ತೆಗೆಯುವ ಆಸೆ ಅವರಿಗಿತ್ತು. ಅದಕ್ಕೆ ಬೇಕಾದ ಸಮಯ ಇರಲಿಲ್ಲ. ಹಾಗಾಗಿ ರಬ್ಬರಿನ ವೇಷ ಮಾಡಿ ಒಳಗೆ ಮನುಷ್ಯನನ್ನು ಇಳಿಸಿದರು. ಮೊದಲು ಮಾಡಿದ ವೇಷ ನೂರು ಕಿಲೋದಷ್ಟಿತ್ತು, ತೊಟ್ಟವರಿಗೆ ಹೆಜ್ಜೆ ಎತ್ತುವುದೇ ಕಷ್ಟ. ಅದನ್ನು ಕತ್ತರಿಸಿ, ಸೊಂಟದಿಂದ ಕೆಳಗಿನದನ್ನು ಬರೀ ಕಾಲು ಕಾಣುವ ದೃಶ್ಯಗಳಿಗೆ ಇಟ್ಟುಕೊಂಡು, ಇನ್ನೊಂದನ್ನು ತುಸು ಹಗುರವಾಗಿ ಮಾಡಿದರು. ಅದರೊಳಗೆ ಹೆಚ್ಚಾಗಿ ದುಡಿದವರು ಹಾರುವೋ ನಕಾಜಿಮಾ. ದೊಡ್ಡ ಪ್ರಾಣಿಗಳು ಹೇಗೆ ಹೆಜ್ಜೆ ಹಾಕುತ್ತವೆ ಎಂದು ತಿಳಿಯಲು ಟೋಕಿಯೋದ ಉಯೆನೋ ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತ ಕೂತವರು. ಊರನ್ನೇ ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಸಿ ಕಟ್ಟಿದ ಬೀದಿಗಳಲ್ಲಿ ಅವರು ನಡೆದರು. ಕ್ಯಾಮೆರಾವನ್ನು ವೇಗವಾಗಿ ಓಡಿಸಿ ತೆಗೆದದ್ದರಿಂದ ಪರದೆಯ ಮೇಲೆ ಆ ನಡಿಗೆ ನಿಧಾನವಾಯಿತು. ಕಾಲು ಎತ್ತಿದ್ದಕ್ಕೂ ಇಟ್ಟದ್ದಕ್ಕೂ ನಡುವೆ ನಾವು ಉಸಿರು ಹಿಡಿಯುವಷ್ಟು ಹೊತ್ತು ಸಿಕ್ಕಿತು. 1972ರವರೆಗೂ ನಕಾಜಿಮಾ ಆ ವೇಷ ತೊಡುತ್ತಲೇ ಇದ್ದರು.

ವೇಷದೊಳಗಿನ ಮನುಷ್ಯ ನನಗೆ ಹೊಸಬನಲ್ಲ. ನಾನು ಬೆಳೆದದ್ದು ಪುತ್ತೂರಿನ ಕಡೆ. ಅಜ್ಜನ ಜೊತೆ ಯಕ್ಷಗಾನದ ಆಟಕ್ಕೆ ಹೋದರೆ ಹೊತ್ತಿಗೆ ಮುಂಚೆಯೇ, ವೇಷ ಕಟ್ಟುವ ಚೌಕಿಯ ಬದಿಯಲ್ಲಿ ಇಣುಕುತ್ತ ನಿಲ್ಲುತ್ತಿದ್ದೆ. ಬಣ್ಣದ ವೇಷಕ್ಕೆ ಚಿಟ್ಟಿ ಇಡುವುದನ್ನು ನೋಡುವ ಆಸೆ. ಅಕ್ಕಿಹಿಟ್ಟಿನ ಮುಳ್ಳುಗಳು ಒಂದರ ಪಕ್ಕ ಒಂದು ಏಳುತ್ತ ಹೋಗಿ, ನನ್ನ ಕಣ್ಣೆದುರೇ ಒಬ್ಬ ಮನುಷ್ಯನ ಮುಖ ರಕ್ಕಸನ ಮುಖವಾಗುತ್ತಿತ್ತು. ನಡುರಾತ್ರಿ ತೆರೆಯ ಹಿಂದಿನಿಂದ ಆ ವೇಷ ಆರ್ಭಟಿಸಿದಾಗ ಅಜ್ಜ ನನ್ನ ಬೆನ್ನು ತಟ್ಟಿ, “ನೋಡು ಮಗಾ, ವೇಷ ತುಂಬಿದೆ” ಅನ್ನುತ್ತಿದ್ದರು. ಕಿರೀಟ ದೊಡ್ಡದಿದ್ದ ಮಾತ್ರಕ್ಕೆ ಅವರು ಹಾಗೆ ಹೇಳುತ್ತಿರಲಿಲ್ಲ. ಹೊತ್ತವರ ಉಸಿರು ಆ ಕಿರೀಟದ ತುದಿಯವರೆಗೂ ಹೋಗಿರಬೇಕು. ಗಾಡ್ಜಿಲ್ಲಾ ಬೊಂಬೆಯನ್ನು ನಾನು ಇವತ್ತಿಗೂ ಅಳೆಯುವುದು ಅಜ್ಜನ ಆ ಮಾತಿನಿಂದಲೇ. ಬೊಂಬೆ ಮಾಡಿದವರು ಪ್ರಾಣಿಯನ್ನಷ್ಟೇ ನೋಡಿ ಮಾಡಿದರೆ ಸಾಲದು, ಒಳಗೆ ಬೆವರುತ್ತ ನಿಂತ ಮನುಷ್ಯನೂ ಅವರ ಕಣ್ಣಿಗೆ ಬಿದ್ದಿರಬೇಕು. ಈ ಬೊಂಬೆ ಮಾಡಿದವರ ಕಣ್ಣಿಗೆ ಬಿದ್ದಿದ್ದಾನೆ. ಮೊಣಕಾಲಿನ ಹತ್ತಿರ ರಬ್ಬರು ಮಡಿಚಿಕೊಂಡ ಎರಡು ನೆರಿಗೆಗಳನ್ನು ಅಳಿಸದೆ ಹಾಗೇ ಉಳಿಸಿದ್ದಾರೆ. ಅದನ್ನು ಕಂಡಾಗ ನನಗೆ ಕೈಮುಗಿಯಬೇಕು ಅನ್ನಿಸಿತು.

ದೀಪವನ್ನು ಪಕ್ಕಕ್ಕೆ ಸರಿಸಿದೆ. ಬೆಳಕು ಅಡ್ಡವಾಗಿ ಬಿದ್ದರೆ ಮಾತ್ರ ಚರ್ಮ ಮಾತಾಡುತ್ತದೆ. ಚಿತ್ರದ ವೇಷಕ್ಕೆ ಮೀನಿನಂಥ ಹುರುಪೆ, ನೆಲಗಪ್ಪೆಯಂಥ ಗುಳ್ಳೆ, ಮೊಸಳೆಯಂಥ ದಿಣ್ಣೆ, ಇವನ್ನೆಲ್ಲ ಮಾಡಿ ನೋಡಿ ಕೊನೆಗೆ ದಿಣ್ಣೆಗಳ ಚರ್ಮವನ್ನೇ ಆರಿಸಿದರು. ಹಿರೋಶಿಮಾದಲ್ಲಿ ಸುಟ್ಟು ಬದುಕುಳಿದವರ ಮೈಮೇಲೆ ಎದ್ದ ಗಾಯದ ಕಲೆಗಳ ನೆನಪು ಅದರಲ್ಲಿದೆ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬು ಸಿಡಿಸಿದಾಗ ಅದರ ಬೂದಿ ದಾಯ್‌ಗೋ ಫುಕುರ್ಯು ಮಾರು ಎಂಬ ಜಪಾನಿ ಮೀನುದೋಣಿಯ ಮೇಲೆ ಸುರಿಯಿತು. ಆ ನೋವು ಆರುವ ಮೊದಲೇ, ಅದೇ ವರ್ಷದ ನವೆಂಬರ್ 3ಕ್ಕೆ, ಚಿತ್ರ ತೆರೆಗೆ ಬಂತು. ಹೀಗಾಗಿ ಈ ಬೊಂಬೆಯ ಚರ್ಮವನ್ನು ಯಾರಾದರೂ ಬರೀ ಅಲಂಕಾರದಂತೆ ಕೆತ್ತಿದ್ದರೆ ನನಗೆ ಸಹಿಸಲಾಗುವುದಿಲ್ಲ. ಒಂದು ದಿಣ್ಣೆ ಇನ್ನೊಂದರ ಹಾಗಿರಬಾರದು, ಸಾಲು ನೆಟ್ಟಗಿರಬಾರದು. ಬೆರಳ ತುದಿಯಿಂದ ಬೆನ್ನು ಸವರಿದರೆ ಒಣಗಿದ ಗಾಯದ ಮೇಲೆ ಕೈಯಾಡಿಸಿದಂತಿರಬೇಕು. ಸವರಿ ನೋಡಿದೆ, ಹಾಗೇ ಇದೆ.

ಬಣ್ಣದಲ್ಲೂ ಮೋಸವಿಲ್ಲ. ಗಾಡ್ಜಿಲ್ಲಾ ಅಂದರೆ ಹಸಿರು ಎಂದುಕೊಂಡವರು ಬಹಳ ಮಂದಿ, ಆದರೆ ಆ ವೇಷ ಇದ್ದಿಲಿನಂಥ ಕಪ್ಪು ಬೂದು. ಬೆನ್ನ ಮೇಲಿನ ಎಲೆಯಾಕಾರದ ಹಲಗೆಗಳ ಅಂಚಿಗಷ್ಟೇ ಒಣ ಬ್ರಶ್ಶಿನಿಂದ ಬಿಳುಪು ತಾಗಿಸಿದ್ದಾರೆ. ಕಾಲ್ಬೆರಳು ನಾಲ್ಕು, ಪುಟ್ಟ ಕಿವಿಗಳೂ ಇವೆ. 1962ರಲ್ಲಿ ಕಿಂಗ್ ಕಾಂಗ್ ಜೊತೆ ಕಾದಾಡುವ ಹೊತ್ತಿಗೆ ಕಿವಿ ಮಾಯವಾಗಿ ಬೆರಳು ಮೂರಾಗಿತ್ತು. ನಕಲಿ ಮಾಲು ಮಾಡುವವರು ಹೆಚ್ಚಾಗಿ ಎಡವುವುದು ಇಂಥಲ್ಲೇ. ಹಿಂದೊಮ್ಮೆ ಒಬ್ಬ ಮಾರಾಟಗಾರನಿಂದ ಅಂಥದ್ದನ್ನು ಕೊಂಡು ತುಂಬಾ ನೊಂದಿದ್ದೆ. ಪೆಟ್ಟಿಗೆ ತೆರೆದೊಡನೆ ತಲೆನೋಯಿಸುವ ವಾಸನೆ, ಪಾದದಡಿ ಚಿತ್ರ ತಯಾರಿಸಿದ ಟೋಹೋ ಕಂಪನಿಯ ಹಕ್ಕಿನ ಗುರುತಿಲ್ಲ, ಕಣ್ಣಿನ ಕಪ್ಪು ಚುಕ್ಕೆ ಒಂದು ಕಡೆ ಜಾರಿ ಮೆಳ್ಳೆಗಣ್ಣು. ಅಂದಿನಿಂದ ಕಣ್ಣಿನ ಚುಕ್ಕೆಗಳನ್ನು ಭೂತಗನ್ನಡಿಯಲ್ಲಿ ನೋಡದೆ ಬಿಡುವುದಿಲ್ಲ.

ಇನ್ನು ಕೀಲು. ಬಲ ಭುಜ ಅಲುಗಲಿಲ್ಲ. ಬಣ್ಣ ಹಸಿಯಿದ್ದಾಗಲೇ ಜೋಡಿಸಿದ್ದರೆ ಹೀಗೆ ಕಚ್ಚಿಕೊಳ್ಳುತ್ತದೆ, ಬಲವಂತ ಮಾಡಿದರೆ ಒಳಗಿನ ಗೂಟ ಮುರಿದೇಹೋಗುತ್ತದೆ. ಹೇರ್ ಡ್ರೈಯರನ್ನು ಒಂದು ಗೇಣು ದೂರ ಹಿಡಿದು ಬಿಸಿಗಾಳಿ ಕೊಟ್ಟೆ. ಪಿವಿಸಿ ಮೆತ್ತಗಾಗುವುದು ಬೆರಳಿಗೆ ತಿಳಿಯುತ್ತದೆ. ಹಸಿಗಾಯಿ ಹಣ್ಣಿಗೆ ತಿರುಗಿದಂತೆ, ಒತ್ತಿದರೆ ತುಸುವೇ ತಗ್ಗುತ್ತದೆ. ಆಗ ಆಚೆಗೊಮ್ಮೆ ಈಚೆಗೊಮ್ಮೆ ನಿಧಾನಕ್ಕೆ ಆಡಿಸುತ್ತ ಬಂದೆ. ಮೂರನೇ ಸಲಕ್ಕೆ ‘ಟಿಕ್’ ಎಂಬ ಸಣ್ಣ ಸದ್ದಾಗಿ ಭುಜ ಬಿಟ್ಟುಕೊಟ್ಟಿತು. ಆ ಸದ್ದು ಕೇಳಿದಾಗಿನ ಸಂತೋಷಕ್ಕಾಗಿಯೇ ನಾನು ಇನ್ನೊಂದು ಬೊಂಬೆ ತರಿಸಿಯೇನು.

ಬಾಲಕ್ಕೆ ಕಬ್ಬಿನ ಹಾಗೆ ಗೆಣ್ಣುಗಳು. ಚಿತ್ರದಲ್ಲಿ ಬಾಲವನ್ನು ಮೇಲಿನಿಂದ ತಂತಿ ಕಟ್ಟಿ ಆಡಿಸುತ್ತಿದ್ದರು. ಇಲ್ಲಿ ಒಂದೊಂದು ಗೆಣ್ಣನ್ನೂ ನಾನೇ ತಿರುಗಿಸಬೇಕು. ಗೆಣ್ಣುಗಳ ನಡುವಿನ ಸಂದು ಕಾಣುತ್ತದೆ ಅನ್ನುವುದೊಂದು ಕೊರತೆ. ಕೀಲೇ ಕಡಿಮೆಯಿರುವ ಸೋಫುಬಿ ಬೊಂಬೆಗಳಲ್ಲಿ ಈ ಸಂದು ಇರುವುದಿಲ್ಲ. ಲೋಹದ ಅಚ್ಚಿಗೆ ದ್ರವ ವಿನೈಲ್ ಹೊಯ್ದು, ಬಿಸಿ ಮಾಡಿ, ಹೆಚ್ಚಿನದನ್ನು ಬಸಿದು, ಬಿಸಿಯಿರುವಾಗಲೇ ಇಕ್ಕಳದಿಂದ ಎಳೆದು ತೆಗೆಯುವ ಟೊಳ್ಳು ಬೊಂಬೆಗಳು ಅವು. 1966ರಲ್ಲಿ ಮಾರುಸಾನ್ ಕಂಪನಿ ತಂದ ಗಾಡ್ಜಿಲ್ಲಾ ಆ ಬಗೆಯದು. ಅದರ ಚೆಲುವೇ ಬೇರೆ. ಆದರೆ ಹೆಜ್ಜೆಯನ್ನು ನನ್ನ ಕೈಯಾರೆ ಇಡಿಸುವ ಸುಖ ಕೀಲಿನ ಬೊಂಬೆಯಲ್ಲೇ.

ಮರುದಿನ ಬೆಳಿಗ್ಗೆ ಅಕ್ಕನ ಮಗಳು ಬಂದು ಮೇಜಿನೆದುರು ನಿಂತಳು. “ಮಾವ, ಇದು ನಿಜಕ್ಕಾದರೆ ಎಷ್ಟು ದೊಡ್ಡ?” ಐವತ್ತು ಮೀಟರ್ ಅಂದೆ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಐವತ್ತು ಮೀಟರು ಹದಿನೈದು ಸೆಂಟಿಮೀಟರಿಗೆ ಇಳಿದರೆ, ಅದೇ ಲೆಕ್ಕದಲ್ಲಿ ಮನುಷ್ಯ ಅರ್ಧ ಸೆಂಟಿಮೀಟರು, ಅಂದರೆ ಒಂದು ಅಕ್ಕಿಕಾಳು. ಅವಳು ಅಡುಗೆಮನೆಗೆ ಓಡಿ ಒಂದು ಮುಷ್ಟಿ ಕುಚ್ಚಲಕ್ಕಿಯನ್ನೂ ಚಪಾತಿಗೆ ಕಲಸಿಟ್ಟ ಹಿಟ್ಟಿನ ತುಣುಕನ್ನೂ ತಂದಳು. ಹಿಟ್ಟನ್ನು ತೆಳ್ಳಗೆ ತಟ್ಟಿ, ಅದರಲ್ಲಿ ಆರೇಳು ಕಾಳುಗಳನ್ನು ನೆಟ್ಟಗೆ ಊರಿ, ಪಾದದ ಮುಂದಿಟ್ಟಳು. ಆಮೇಲೆ ಕೆನ್ನೆಯನ್ನು ಮೇಜಿಗೊತ್ತಿ, ಒಂದು ಕಣ್ಣು ಮುಚ್ಚಿ, ಕಾಳುಗಳ ಹಿಂದಿನಿಂದ ಮೇಲಕ್ಕೆ ನೋಡಿದಳು. ಸ್ವಲ್ಪ ಹೊತ್ತು ಮಾತಿಲ್ಲ.

“ಮಾವ, ಇದು ನಮ್ಮನ್ನು ನೋಡ್ತಾ ಇಲ್ಲ. ದೂರ ಎಲ್ಲಿಗೋ ನೋಡ್ತಾ ಉಂಟು.”

ನಾನೂ ಅವಳ ಪಕ್ಕ ಕೆನ್ನೆಯಿಟ್ಟು ನೋಡಿದೆ. ಹೌದು. ಕೈ ಚಾಚಿ ಕತ್ತಿನ ಕೀಲನ್ನು ಎಳ್ಳಿನಷ್ಟು ಕೆಳಕ್ಕೆ ಬಾಗಿಸಿದೆ. ಅವಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.