ಚೀಟಿ ಯಾರ ಮನೆಯಲ್ಲಿದೆ?

ಫೋನಿನ ಮೂಲೆಯಲ್ಲಿ ಒಂದನ್ನೊಂದು ಅಟ್ಟಿಸಿಕೊಂಡು ಸುತ್ತುವ ಎರಡು ಬಾಣಗಳನ್ನು ಕಂಡು 1996ರ ಪಾಮ್ ಪೈಲಟ್ ನೆನಪಾಗುವವರು ಈಗ ಕಡಿಮೆ. ಅಂಗೈಯಗಲದ ಆ ಯಂತ್ರವನ್ನು ಅದರ ಪೀಠದಲ್ಲಿ ನಿಲ್ಲಿಸಿ ಹಾಟ್‌ಸಿಂಕ್ ಗುಂಡಿ ಒತ್ತಿದರೆ ಅದರೊಳಗಿನ ಮೆಮೊಗಳು ಮೇಜಿನ ಕಂಪ್ಯೂಟರಿಗೆ, ಕಂಪ್ಯೂಟರಿನವು ಅದಕ್ಕೆ ಹೋಗಿ ಎರಡೂ ಕಡೆ ಲೆಕ್ಕ ಸರಿಹೋಗುತ್ತಿತ್ತು. ಒಂದೇ ಮೆಮೊವನ್ನು ಎರಡೂ ಕಡೆ ತಿದ್ದಿದ್ದರೆ ಯಂತ್ರ ಪಂಚಾಯಿತಿಗೆ ಕೂರುತ್ತಿರಲಿಲ್ಲ; ಎರಡನ್ನೂ ಉಳಿಸಿ, ನೀವೇ ನೋಡಿಕೊಳ್ಳಿ ಎಂದು ಸುಮ್ಮನಾಗುತ್ತಿತ್ತು. ಅಲ್ಲಿ ಮಾತುಕತೆ ನಡೆಯುತ್ತಿದ್ದುದು ನಮ್ಮವೇ ಆದ ಎರಡು ವಸ್ತುಗಳ ನಡುವೆ. ಈಗಿನ ಟಿಪ್ಪಣಿ ಆ್ಯಪ್‌ಗಳಾದ ಕೀಪ್, ಒನ್‌ನೋಟ್, ಎವರ್‌ನೋಟ್‌ಗಳಲ್ಲಿ ಫೋನಿನಲ್ಲಿ ಗೀಚಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಲ್ಯಾಪ್‌ಟಾಪಿನಲ್ಲಿ ಕಾಣುವುದೇನೋ ನಿಜ. ಆದರೆ ಚೀಟಿ ದೂರದ ಮೂರನೆಯವರ ಮನೆಗೆ ಹೋಗಿ, ಅಲ್ಲಿಂದ ಹೊರಟು ಬಂದಿರುತ್ತದೆ. ನಮ್ಮ ಸಾಧನಗಳು ಅದರ ಪ್ರತಿಯನ್ನಷ್ಟೇ ಇಟ್ಟುಕೊಂಡಿರುತ್ತವೆ. ಸಿಂಕ್ ಎಂಬ ಅನುಕೂಲದ ಜೊತೆಯಲ್ಲೇ ಚೀಟಿಯ ಯಜಮಾನಿಕೆಯೂ ಸದ್ದಿಲ್ಲದೆ ಕೈಬದಲಾಯಿತು. ಇದು ಹೀಗೇ ಆಗಬೇಕಿತ್ತೆಂದೇನೂ ಇಲ್ಲ. ಬೇರೆ ದಾರಿಯೊಂದನ್ನು ಬೆಂಗಳೂರಿನಲ್ಲೇ ಯೋಚಿಸಿದ್ದರು.

ಅಲ್ಲಿ ಹುಟ್ಟಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರಿನ ಕಥೆ ಹೇಳುವವರು ಸಾಮಾನ್ಯವಾಗಿ ಅದರ ಸೋಲಿನಿಂದ ಶುರು ಮಾಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು ಮತ್ತು ಸಂಗಡಿಗರು ಎನ್‌ಕೋರ್ ಸಾಫ್ಟ್‌ವೇರ್‌ನವರೊಂದಿಗೆ ಸೇರಿ 1999ರಲ್ಲಿ ಟ್ರಸ್ಟ್ ಕಟ್ಟಿದರು. 2001ರಲ್ಲಿ ಮಾದರಿ ತೋರಿಸಿದರು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ' ಮಾರುಕಟ್ಟೆಗೆ ಬಂತು. ಮಾರಾಟ ಕೆಲವು ಸಾವಿರ ದಾಟಲು ಏದುಸಿರು ಬಿಟ್ಟಿತು. ಲಿನಕ್ಸ್ ಮೇಲೆ ನಡೆಯುವ, ಕಡ್ಡಿಯಿಂದ ಮುಟ್ಟಿ ಬಳಸುವ, ಭಾರತೀಯ ಭಾಷೆಗಳಲ್ಲಿ ಓದಿ ಹೇಳಬಲ್ಲ ಯಂತ್ರವನ್ನು ಬಡವರಿಗೆಂದು ಮಾಡಿದರೂ ಬೆಲೆ ಬಡವರ ಕೈಗೆ ಎಟುಕಲಿಲ್ಲ. ಅಷ್ಟರಲ್ಲಿ ಮೊಬೈಲ್ ಅಗ್ಗವಾಗಿತ್ತು. ಇದೆಲ್ಲ ಸರಿಯೇ. ಆದರೆ ಆ ಯಂತ್ರದಲ್ಲಿ ಸ್ಮಾರ್ಟ್ ಕಾರ್ಡಿಗೊಂದು ಸೀಳು ಇತ್ತು. ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಮಾತಾಡಬೇಕಾದ್ದು ಅದರ ಬಗ್ಗೆಯೇ. ಊರಿಗೊಂದು ಯಂತ್ರ ಸಾಕು, ಪಂಚಾಯಿತಿಯದೋ ಅಂಗಡಿಯವನದೋ ಆಗಲಿ. ಬಳಸಲು ಬಂದವರು ತಮ್ಮ ಕಾರ್ಡು ತೂರಿಸಿ ಕೆಲಸ ಮುಗಿಸಿ, ತಮ್ಮ ವಿವರಗಳ ಸಮೇತ ಕಾರ್ಡನ್ನು ಜೇಬಿಗಿಳಿಸಿ ಹೊರಡಬಹುದು ಎಂಬುದು ಅದರ ಹಿಂದಿದ್ದ ಯೋಚನೆ. ಇಂದು ಸಿಂಕ್ ಮಾಡುವ ಆ್ಯಪ್‌ಗಳು ಒಬ್ಬರಿಗೆ ಹಲವು ಸಾಧನಗಳಿರುತ್ತವೆಂದು ಭಾವಿಸುತ್ತವೆ. ಸಿಂಪ್ಯೂಟರ್ ಹಲವರಿಗೆ ಒಂದೇ ಸಾಧನವೆಂದು ಭಾವಿಸಿತು. ಬಡತನದ ಲೆಕ್ಕದಿಂದ ಹೊರಟ ಈ ಯೋಚನೆ ಶ್ರೀಮಂತರಿಗೆ ಹೊಳೆಯದ ಒಂದು ಸತ್ಯವನ್ನು ತಾನಾಗಿ ತಲುಪಿತು: ಯಂತ್ರ ಯಾರದಾದರೇನು, ಬರಹ ಬರೆದವರ ಜೇಬಿನಲ್ಲಿರಬೇಕು.

ಸೋತ ಯಂತ್ರವನ್ನು ಸಾಕ್ಷಿಗೆ ಕರೆತರುವುದೇ ಎಂದು ಕೇಳಬಹುದು. ಸೋತದ್ದು ಬೆಲೆ, ಕಾರ್ಡಿನ ಯೋಚನೆಯಲ್ಲ. ಅದೇ ವರ್ಷಗಳಲ್ಲಿ ದೇಶದ ತುಂಬ ಜನ ಹಳೆಯ ನೋಕಿಯಾದಿಂದ ಸಿಮ್ ಕಳಚಿ ಹೊಸದಕ್ಕೆ ಹಾಕುತ್ತಿದ್ದರು. ಸಿಮ್ಮಿನಲ್ಲಿ ಉಳಿಸಿದ್ದ ನಂಬರುಗಳು ಅದರ ಜೊತೆಗೇ ಬರುತ್ತಿದ್ದವು. ಯಾವ ಕಂಪನಿಯ ಖಾತೆಯೂ ಬೇಕಿರಲಿಲ್ಲ, ಪಾಸ್‌ವರ್ಡ್ ಮರೆಯುವ ಭಯವೂ ಇರಲಿಲ್ಲ. ಕಾರ್ಡು ಕಳೆದರೆ ಎಲ್ಲ ಹೋಯಿತಲ್ಲ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಫೋನು ನೀರಿಗೆ ಬಿದ್ದರೂ ಟಿಪ್ಪಣಿ ಉಳಿಯುವುದು ಸರ್ವರಿನ ಪುಣ್ಯದಿಂದಲೇ. ಅದನ್ನು ಅಲ್ಲಗಳೆಯುವುದು ಹಟಮಾರಿತನ. ಆದರೆ ಇನ್ನೊಂದು ಪ್ರತಿ ಇರಬೇಕೆಂಬುದು ಬೇರೆ, ಆ ಪ್ರತಿಯೇ ಮೂಲವಾಗಿ ಕೈಲಿರುವುದು ಅದರ ನೆರಳಾಗುವುದು ಬೇರೆ. ಅಬ್ಸಿಡಿಯನ್, ಜಾಪ್ಲಿನ್‌ನಂಥ ಆ್ಯಪ್‌ಗಳು ಬರಹವನ್ನು ಮೊದಲು ನಮ್ಮ ಸಾಧನದಲ್ಲೇ ಇಟ್ಟು, ಸಿಂಕ್ ಬೇಕಾದವರಿಗೆ ಅದನ್ನು ಪ್ರತ್ಯೇಕ ಸೌಲಭ್ಯವಾಗಿ ಕೊಡುತ್ತವೆ. ಎರಡನ್ನೂ ಒಟ್ಟಿಗೆ ಪಡೆಯಬಹುದೆಂಬುದಕ್ಕೆ ಇಷ್ಟು ಸಾಕು.

ಹಣವನ್ನೇ ಬ್ಯಾಂಕಿನಲ್ಲಿ ಇಡುವವರಿಗೆ ಹಾಲಿನ ಲೆಕ್ಕ, ಗ್ಯಾಸ್ ಬುಕಿಂಗ್ ನಂಬರನ್ನು ಇನ್ನೊಬ್ಬರಲ್ಲಿ ಇಡಲು ಏನು ಬಿಗುಮಾನ ಎನ್ನುವವರೂ ಇದ್ದಾರೆ. ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ಇದೆ. ಬ್ಯಾಂಕು ಮುಳುಗಿದರೂ 5 ಲಕ್ಷ ರೂಪಾಯಿವರೆಗಿನ ಠೇವಣಿಗೆ ವಿಮೆ ಇದೆ. ಟಿಪ್ಪಣಿಗೆ ಏನಿದೆ? 2008ರಲ್ಲಿ ಆನೆಯ ತಲೆಯನ್ನು ಲಾಂಛನ ಮಾಡಿಕೊಂಡು, ಏನನ್ನೂ ಮರೆಯುವುದಿಲ್ಲವೆಂಬ ಭರವಸೆಯೊಂದಿಗೆ ಬಂದ ಎವರ್‌ನೋಟ್ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಕಂಪನಿಯ ಪಾಲಾದ ಮೇಲೆ, 2023ರ ಡಿಸೆಂಬರಿನಲ್ಲಿ ಉಚಿತ ಬಳಕೆದಾರರಿಗೆ 50 ಟಿಪ್ಪಣಿ, ಒಂದು ನೋಟ್‌ಬುಕ್ ಎಂದು ಮಿತಿ ಹಾಕಿತು. ಹಳೆಯದನ್ನು ಕಸಿಯಲಿಲ್ಲ, ಓದಲೂ ಹೊರತೆಗೆಯಲೂ ಬಿಟ್ಟಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಇನ್ನು ಗೂಗಲ್ ನೋಟ್‌ಬುಕ್ 2012ರಲ್ಲೇ ಬಾಗಿಲು ಹಾಕಿತು. ಮರುವರ್ಷ ಗೂಗಲ್ಲಿನದೇ ಕೀಪ್ ಬಂತು. ಉಚಿತವಾಗಿ ಕೊಟ್ಟವರು ನಿಯಮ ಬದಲಿಸಿದರೆ ಅದನ್ನು ಮೋಸ ಎನ್ನಲಾಗದು. ಹಾಗೆಂದು ಆ ಟಿಪ್ಪಣಿಗಳು ಕ್ಷುಲ್ಲಕವೆಂದು ತಳ್ಳಿಹಾಕುವುದೂ ತಪ್ಪು. ಬರೆಯುವಾಗ ಯಾವ ಚೀಟಿಯೂ ದೊಡ್ಡದಲ್ಲ. ಇಂದಿನ ರಕ್ತದೊತ್ತಡದ ಅಂಕಿ ಬರಿಯ ಅಂಕಿ. ಮೂರು ವರ್ಷದ ಅಂಕಿಗಳು ಒಟ್ಟಿಗಿದ್ದರೆ ವೈದ್ಯರು ಕನ್ನಡಕ ಸರಿಪಡಿಸಿಕೊಂಡು ಓದುತ್ತಾರೆ. ಚೀಟಿಗೆ ಬೆಲೆ ಬರುವುದು ರಾಶಿಯಾದ ಮೇಲೆ, ರಾಶಿಯಾದ ಮೇಲೆಯೇ ಅದನ್ನು ಹೊತ್ತು ಬೇರೆಡೆ ಹೋಗುವುದು ಕಷ್ಟ. ಆ್ಯಪ್ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಆದ್ದರಿಂದ ಆ್ಯಪ್ ಆರಿಸುವಾಗ ಸಿಂಕ್ ಎಷ್ಟು ಬೇಗ ಆಗುತ್ತದೆಂದು ನೋಡುವ ಮೊದಲು, ಬರೆದದ್ದೆಲ್ಲ ಬೇರೆ ಯಾವ ಆ್ಯಪ್ ಬೇಕಾದರೂ ಓದಬಲ್ಲ ಸರಳ ಫೈಲುಗಳಾಗಿ ಹೊರಬರುತ್ತದೆಯೇ ಎಂದು ಒಮ್ಮೆ ಮಾಡಿ ನೋಡಿ. ಕಾನೂನು ಈ ಕೆಲಸವನ್ನು ನಮ್ಮ ಪರವಾಗಿ ಮಾಡುವುದಿಲ್ಲ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ನಿಯಮ ಒಂದು ಕಂಪನಿಯಿಂದ ಇನ್ನೊಂದಕ್ಕೆ ತನ್ನ ಮಾಹಿತಿಯನ್ನು ಕೊಂಡೊಯ್ಯುವ ಹಕ್ಕನ್ನು ಕೊಟ್ಟಿದೆ. ನಮ್ಮಲ್ಲಿ 2019ರ ಮಾಹಿತಿ ರಕ್ಷಣೆಯ ಮಸೂದೆಯಲ್ಲಿ ಆ ಹಕ್ಕು ಇತ್ತು. 2023ರಲ್ಲಿ ಬಂದ ಕಾಯ್ದೆಯಲ್ಲಿ ಇರಲಿಲ್ಲ.