ಕಾಲುವೆಯ ಮೈಗೆ ಅಂಟಿದ ನೀರು

ನವಲಗುಂದ ದಾಟಿ ಎರಿಹೊಲದ ಬದುವಿನ ಮೇಲೆ ನಡೆದಿದ್ದೀರಿ. ಹಿಂಗಾರಿ ಕಡಲೆ ಈಗಷ್ಟೇ ಮಣ್ಣೊಡೆದು ಎದ್ದಿದೆ. ಎದುರಿಗೆ ಮಲಪ್ರಭೆಯ ಕಾಲುವೆ. ನವಿಲುತೀರ್ಥದ ಆಣೆಕಟ್ಟಿನಿಂದ ಬಿಟ್ಟ ನೀರು ಕದಡಿಕೊಂಡು ಬರುತ್ತಿದೆ. ದಂಡೆಯ ಮೇಲೆ ಸಲಿಕೆ ಊರಿ ನಿಂತ ಅಜ್ಜ ಕೇಳುತ್ತಾರೆ: "ಯಾವೂರವರ್ರೀ? ನೀರ್ ನೋಡಾಕ ಬಂದೀರೇನು?"

ಹೌದೆಂದು ಹೇಳಿ, ಒಂದೆರಡು ಜೋಳದ ರವದಿ ಇಸಿದುಕೊಳ್ಳಿ. ಒಂದನ್ನು ನಟ್ಟನಡುವೆ ಎಸೆಯಿರಿ, ಇನ್ನೊಂದನ್ನು ಅಂಚಿಗೆ ಬಿಡಿ. ನಡುವಿನದು ಆಗಲೇ ತೂಬು ದಾಟಿತು. ಅಂಚಿನದು ಗಿರಕಿ ಹೊಡೆಯುತ್ತ ಇಲ್ಲೇ ಇದೆ.

ಮೊಣಕಾಲೂರಿ ಕಾಂಕ್ರೀಟಿನ ಮೈ ಮುಟ್ಟಿ. ಅದಕ್ಕೆ ತಾಗಿದ ನೀರು ಹರಿಯುತ್ತಲೇ ಇಲ್ಲ, ಅಂಟಿಕೊಂಡು ನಿಂತಿದೆ. ಅದರ ಮೇಲೆ, ಸುಮಾರು ತಲೆಗೂದಲಿನಷ್ಟು ದಪ್ಪದಲ್ಲಿ, ನೀರು ಪದರ ಪದರವಾಗಿ ಶಾಂತವಾಗಿ ಜಾರುತ್ತದೆ. ಅದರಾಚೆಗೆ ಬರೀ ಗದ್ದಲ: ಸುಳಿಗಳು ನಡುವಿನ ಚುರುಕು ನೀರನ್ನು ಗೋಡೆಯತ್ತ ನೂಕುತ್ತವೆ, ಗೋಡೆ ಬಳಿಯ ಮಂದ ನೀರನ್ನು ಎತ್ತಿ ನಡುವಿಗೆ ಎಸೆಯುತ್ತವೆ. ಘರ್ಷಣೆ ಇಷ್ಟು ಬೆಳೆಯುವುದು ಈ ಕೊಡುಕೊಳ್ಳುವಿಕೆಯಿಂದ.

ಇಂಥ ಎಳೆತವನ್ನು ಗಾಳಿಯಲ್ಲಿ ನೇರವಾಗಿ ಅಳೆದವರಲ್ಲಿ ಸತೀಶ್ ಧವನ್ ಒಬ್ಬರು; ಮುಂದೆ ಇಸ್ರೋ ಮುನ್ನಡೆಸಿದವರೂ ಅವರೇ. ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ ಫಲಕದ ಒಂದು ಚೂರನ್ನು ಬಿಡಿಯಾಗಿ ತೂಗುಬಿಟ್ಟು, ಗಾಳಿ ಅದನ್ನೆಷ್ಟು ಸರಿಸಿತೆಂದು ನೋಡಿದರು. 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಶಾಂತ ಪದರ ಗದ್ದಲವಾಗಿ ಹೊರಳುವ ಘಟ್ಟದ ಬಗ್ಗೆ ಅವರೂ ರೊದ್ದಂ ನರಸಿಂಹರೂ 1958ರಲ್ಲಿ ಬರೆದ ಪ್ರಬಂಧವನ್ನು ಈ ವಿದ್ಯೆಯವರು ಇಂದಿಗೂ ಓದುತ್ತಾರೆ.

ಕಾಲುವೆಯಲ್ಲಿ ಆ ಉಪಕರಣ ಬೇಕಿಲ್ಲ, ಇಳಿಜಾರೇ ತಕ್ಕಡಿ. ಅಗಲವಾದ ಕಾಲುವೆ, ನೀರಿನ ಆಳ 1 ಮೀಟರ್, ಇಳಿಜಾರು 5,000 ಮೀಟರಿಗೆ 1 ಮೀಟರ್ ಎಂದಿಟ್ಟುಕೊಳ್ಳಿ. ನೀರು ಒಂದೇ ವೇಗದಲ್ಲಿ ಸಾಗಿದೆ ಎಂದರೆ, ಅದನ್ನು ಇಳಿಜಾರಿನಲ್ಲಿ ಎಳೆಯುವ ಬಲವೂ ತಳ ಹಿಡಿದು ನಿಲ್ಲಿಸುವ ಬಲವೂ ಸಮ. ಲೆಕ್ಕ ಹಾಕಿದರೆ ಒಂದು ಚದರ ಮೀಟರಿಗೆ ಬರೀ 200 ಗ್ರಾಂ ತೂಕದಷ್ಟು! ಇಷ್ಟೇ ನೀರು ಸುಳಿಯಿಲ್ಲದೆ ಪದರ ಪದರವಾಗಿ ಹರಿದಿದ್ದರೆ ಸೆಕೆಂಡಿಗೆ 700 ಮೀಟರ್ ಓಡಬೇಕಿತ್ತು. ಕಾಗದದ ಮೇಲಿನ ಮಾತು, ನಿಜ. ಹದವಾಗಿರುವ ಕಾಂಕ್ರೀಟ್ ಕಾಲುವೆಯಲ್ಲಿ ಅದು ಓಡುವುದು ಸುಮಾರು 0.8 ಮೀಟರ್.

ಆ ಕೂದಲಿನಷ್ಟು ಪದರವನ್ನು ತೂರಿ ಏನಾದರೂ ಮೇಲೆದ್ದರೆ ಗದ್ದಲ ಇನ್ನೂ ಹೆಚ್ಚು. ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಡಿಯಲ್ಲಿ ಗರಸು ಹಾಸದಿದ್ದರೆ ಕಾಂಕ್ರೀಟೂ ಬಿರಿಯುತ್ತದೆ. ಬಿರುಕಿನಲ್ಲಿ ಹೂಳು, ಹೂಳಿನಲ್ಲಿ ಆಪು. ಅಲ್ಲಿಗೆ ವೇಗ ಅರ್ಧ ಮೀಟರಿಗೂ ಕೆಳಗಿಳಿಯುತ್ತದೆ.

ಕಾಲುವೆಯ ತುದಿಯ ಹೊಲಕ್ಕೆ ನೀರು ಮುಟ್ಟದ್ದಕ್ಕೆಲ್ಲ ಈ ಮಂದಗತಿಯೊಂದೇ ಕಾರಣವಲ್ಲ. ಮೇಲೆ ಪಂಪ್‌ಸೆಟ್ ಹಚ್ಚಿದವರಿಗೂ ಪಾಲಿದೆ. ಆದರೆ ಇದು ನೀರಿನ ವಿಷಯ ಹಗುರಾಗಿ ಆಡುವ ನೆಲವಲ್ಲ: 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿದ್ದು ಇದೇ ಮಲಪ್ರಭೆ ಯೋಜನೆಯ ಕರದ ಜಗಳದಲ್ಲಿ.

ಇದನ್ನೆಲ್ಲ ಕೇಳಿದ ಅಜ್ಜ ಸಲಿಕೆಯನ್ನು ಹೆಗಲಿಗೇರಿಸುತ್ತಾರೆ. "ಲೆಕ್ಕಾ ಬರೋಬ್ಬರಿ ಐತಿ. ಹಂಗಾರ ಆ ಆಪು ಕೀಳಸಾಕ ಆಫೀಸಿನ್ಯಾಗ ನೀವ ಹೇಳ್ರಲಾ."