ಮನೆಗೆ ಎಂಬಲ್ಲಿನ ‘ಗೆ’

ಸಂಶಿಯ ನನ್ನ ತರಗತಿಗಳಲ್ಲಿ ಪ್ರತಿ ವರ್ಷವೂ ಮರುಕಳಿಸುತ್ತಿದ್ದ ತಪ್ಪೊಂದಿತ್ತು: ‘ಐ ಗೋ ಟು ಹೋಮ್’. ಮಕ್ಕಳ ತರ್ಕವೇನೋ ಸರಿಯೇ. ಶಾಲೆಗೆ ‘ಟು ಸ್ಕೂಲ್’ ಎಂದಾದರೆ, ಮನೆಗೆ ಬರುವಾಗ ನಮ್ಮ ಚತುರ್ಥೀ ವಿಭಕ್ತಿಯ ‘ಗೆ’ ಎಲ್ಲಿ ಹೋಯಿತು? ಅಲ್ಲಿ ‘ಹೋಮ್’ ನಾಮಪದವಲ್ಲ, ದಿಕ್ಕನ್ನು ಸೂಚಿಸುವ ಕ್ರಿಯಾವಿಶೇಷಣ; ‘ಗೆ’ ಅದರೊಳಗೇ ಅಡಗಿದೆ. ‘ಮೈ’ ಸೇರಿದೊಡನೆ ಅದು ನಾಮಪದವಾಗಿ, ‘ಟು ಮೈ ಹೋಮ್’ ಆಗುತ್ತದೆ.

ಹೀಗೆ ವಿವರಿಸಲು ನಾನು ಕಲಿತದ್ದು ತಡವಾಗಿ. ಮೊದಲ ವರ್ಷಗಳಲ್ಲಿ ಕೆಂಪು ಗೆರೆ ಎಳೆದು ಅಂಕ ಕಳೆಯುತ್ತಿದ್ದೆ, ಅಷ್ಟೆ. ಆಗಿನ ಹುಡುಗನೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲಿಯೇ ನಪಾಸಾಗಿ, ಹುಬ್ಬಳ್ಳಿಗೆ ದುಡಿಯಲು ಹೋದ. ಕಳೆದ ಯುಗಾದಿಗೆ ನಮ್ಮೂರ ಸ್ಟೇಷನ್ನಿನಲ್ಲಿ ರೈಲಿಳಿದವನು ನನ್ನ ಕಾಲು ಮುಟ್ಟಿ, “ಕಮಿಂಗ್ ಹೋಮ್ ರೀ ಸರ್. ‘ಟು’ ಹಚ್ಚಿಲ್ಲ ನೋಡ್ರಿ” ಎಂದು ನಕ್ಕ. ನನಗೆ ನಗಲಾಗಲಿಲ್ಲ.